ತಲೆ ಮೇಲೆ ಮೂರು ಕೊಡ: ಆ ಫಾರ್ವರ್ಡ್ ಹೇಳದೇ ಬಿಟ್ಟ ನೀರಿನ ಲೆಕ್ಕ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಫೋನುಗಳಿಗೆ ಒಂದು ಚಿತ್ರ ತಪ್ಪದೇ ಬರುತ್ತದೆ. ಬಣ್ಣದ ಸೀರೆ ಉಟ್ಟ ಹೆಂಗಸು, ತಲೆ ಮೇಲೆ ಒಂದರ ಮೇಲೊಂದು ಮೂರು ಕೊಡ, ಸೊಂಟದಲ್ಲಿ ಇನ್ನೊಂದು, ಮುಖದಲ್ಲಿ ನಗು. ಕೆಳಗೆ ಒಂದು ಸಾಲು: "ನಮ್ಮ ಅಜ್ಜಿಯರು ಜಿಮ್‌ಗೆ ಹೋಗಲಿಲ್ಲ, ಆದರೂ ಗಟ್ಟಿಮುಟ್ಟಾಗಿದ್ದರು. ಈಗಿನವರಿಗೆ ನಲ್ಲಿ ತಿರುಗಿಸಲೂ ಸೋಮಾರಿತನ." ಮಾರ್ಚ್ 8 ಮಹಿಳಾ ದಿನ, ಮಾರ್ಚ್ 22 ವಿಶ್ವ ಜಲ ದಿನ. ಎರಡಕ್ಕೂ ಒಂದೇ ಚಿತ್ರ ಸಾಕಾಗುತ್ತದೆ.

ಚಿತ್ರ ಚೆನ್ನಾಗಿದೆ, ಆದರೆ ಅದರ ಕೆಳಗಿನ ಮಾತು ನಿಜವೇ? ನೀರು ತರುವುದು ಹೆಂಗಸರ ಕೆಲಸ ಎಂಬುದು ಪ್ರಕೃತಿಯ ನಿಯಮವೇ? ಮನೆಗೆ ನಲ್ಲಿ ಬಂದರೆ ಎಲ್ಲವೂ ಸರಿಹೋಯಿತೇ? ಸಮಿತಿಯಲ್ಲಿ ಮಹಿಳೆಯರನ್ನು ಕೂರಿಸಿದರೆ ಏನಾದರೂ ಬದಲಾಗುತ್ತದೆಯೇ? ಈ ವಿಷಯದ ಬಗ್ಗೆ ನಮ್ಮ ನಡುವೆ ಓಡಾಡುವ ಆರು ನಂಬಿಕೆಗಳನ್ನು ಒಂದೊಂದಾಗಿ ತೆಗೆದುಕೊಂಡು ನೋಡೋಣ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ: ನೀರು ಹೊರುವ ಕೆಲಸ ಯಾರದೋ, ನೀರಿನ ಬಗ್ಗೆ ತೀರ್ಮಾನ ಮಾಡುವ ಅಧಿಕಾರ ಅವರಿಗೇ ಇಲ್ಲದಿರುವುದು ಇಲ್ಲಿರುವ ಸಮಸ್ಯೆ. ಇದು ಹೆಂಗಸರಿಗೆ ಮಾತ್ರ ನಷ್ಟವಲ್ಲ, ಇಡೀ ಊರಿನ ನೀರಿಗೆ ನಷ್ಟ.

ಮೊದಲು ಲೆಕ್ಕ ನೋಡೋಣ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಪ್ರಪಂಚದ ಕುಡಿಯುವ ನೀರಿನ ಸ್ಥಿತಿಯ ಬಗ್ಗೆ ವರದಿ ಕೊಡುತ್ತವೆ. 2023ರ ವರದಿಯ ಪ್ರಕಾರ ಸುಮಾರು 180 ಕೋಟಿ ಜನ ಮನೆಯ ಆವರಣದಲ್ಲಿ ನೀರಿಲ್ಲದ ಮನೆಗಳಲ್ಲಿ ಬದುಕುತ್ತಿದ್ದಾರೆ. ಅಂಥ ಪ್ರತಿ 10 ಮನೆಗಳಲ್ಲಿ 7ರಲ್ಲಿ ನೀರು ತರುವ ಹೊಣೆ ಹೆಂಗಸರು ಮತ್ತು ಹೆಣ್ಣುಮಕ್ಕಳದ್ದು. 15 ವರ್ಷದೊಳಗಿನ ಮಕ್ಕಳಲ್ಲೂ ಇದೇ ಕಥೆ: ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳೇ ಹೆಚ್ಚಾಗಿ ನೀರಿಗೆ ಹೋಗುತ್ತಾರೆ.

ಇದಕ್ಕೆ ಎಷ್ಟು ಸಮಯ ಹೋಗುತ್ತದೆ? 2016ರಲ್ಲಿ ಯುನಿಸೆಫ್ ಕೊಟ್ಟ ಅಂದಾಜು: ಪ್ರಪಂಚದಾದ್ಯಂತ ಮಹಿಳೆಯರು ಮತ್ತು ಬಾಲಕಿಯರು ದಿನಕ್ಕೆ 20 ಕೋಟಿ ಗಂಟೆ ನೀರು ತರುವುದರಲ್ಲೇ ಕಳೆಯುತ್ತಾರೆ. ಇದನ್ನು ವರ್ಷಕ್ಕೆ ಪರಿವರ್ತಿಸಿದರೆ 22,800 ವರ್ಷಗಳಾಗುತ್ತವೆ. ಅಷ್ಟೂ ಒಂದೇ ದಿನದಲ್ಲಿ.

ಇನ್ನು ನಮ್ಮ ಮನೆಯ ಲೆಕ್ಕ. ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 55 ಲೀಟರ್ ನೀರು ಸಿಗಬೇಕು. ಐದು ಜನರ ಮನೆಗೆ 275 ಲೀಟರ್. ಒಂದು ಲೀಟರ್ ನೀರು ಎಂದರೆ ಒಂದು ಕೆಜಿ. ಅಂದರೆ 275 ಕೆಜಿ. 15 ಲೀಟರಿನ ಪ್ಲಾಸ್ಟಿಕ್ ಕೊಡದಲ್ಲಿ ತಂದರೆ 18 ಕೊಡ ಮುಗಿದು ಹತ್ತೊಂಬತ್ತನೆಯದು ಶುರು. ತಲೆ ಮೇಲೊಂದು, ಸೊಂಟದಲ್ಲೊಂದು ಇಟ್ಟುಕೊಂಡರೂ ಒಂಬತ್ತು ಹತ್ತು ಸಲ ಹೋಗಿ ಬರಬೇಕು. ಹೋಗಿ ಬರಲು, ಸರದಿ ನಿಲ್ಲಲು ಕಾಲು ಗಂಟೆ ಎಂದು ಹಿಡಿದರೂ ಎರಡು ಗಂಟೆಗೂ ಹೆಚ್ಚಾಯಿತು.

ವಾಸ್ತವದಲ್ಲಿ ಯಾರೂ ಅಷ್ಟು ನೀರು ಹೊರುವುದಿಲ್ಲ. ಹೊರಲಾಗದ್ದಕ್ಕೆ ಬಳಕೆಯನ್ನೇ ಕಡಿಮೆ ಮಾಡುತ್ತಾರೆ. ಸ್ನಾನ ಎರಡು ದಿನಕ್ಕೊಮ್ಮೆ, ಬಟ್ಟೆ ವಾರಕ್ಕೊಮ್ಮೆ, ಶೌಚಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದೂ ಕಡಿಮೆ. ಈ ಕಡಿತ ಮೊದಲು ಯಾರ ಪಾಲಿಗೆ ಬರುತ್ತದೆ ಎಂಬುದನ್ನು ನಿಮ್ಮ ಮನೆಯ ಹಿರಿಯ ಹೆಂಗಸರನ್ನು ಒಮ್ಮೆ ಕೇಳಿ ನೋಡಿ.

ನಂಬಿಕೆ 1: "ಕೊಡ ಹೊರುವುದು ಒಳ್ಳೆಯ ವ್ಯಾಯಾಮ, ರೂಢಿಯಾದವರಿಗೆ ಭಾರವೇ ಗೊತ್ತಾಗುವುದಿಲ್ಲ"

ಈ ಮಾತಿಗೆ ಒಂದು ವೈಜ್ಞಾನಿಕ ಮೂಲವೂ ಇದೆ. 1986ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕೀನ್ಯಾದ ಲುವೊ ಮತ್ತು ಕಿಕುಯು ಸಮುದಾಯದ ಮಹಿಳೆಯರು ತಮ್ಮ ದೇಹದ ತೂಕದ ಶೇ. 20ರಷ್ಟು ಭಾರವನ್ನು ಹೊತ್ತು ನಡೆದರೂ ಅವರ ದೇಹ ಹೆಚ್ಚುವರಿ ಆಮ್ಲಜನಕ ಬಳಸಲಿಲ್ಲ ಎಂದು ಅದು ಹೇಳಿತು. 50 ಕೆಜಿ ತೂಕದ ಹೆಂಗಸಿಗೆ 10 ಕೆಜಿ ಭಾರ 'ಪುಕ್ಕಟೆ' ಎಂದಂತಾಯಿತು. ಸುದ್ದಿ ಬಹಳ ಹರಡಿತು.

ಮುಂದಿನ ಕಥೆ ಅಷ್ಟಾಗಿ ಹರಡಲಿಲ್ಲ. 2010ರಲ್ಲಿ ದಕ್ಷಿಣ ಆಫ್ರಿಕಾದ ಖೋಸಾ ಮಹಿಳೆಯರ ಮೇಲೆ ನಡೆದ ಅಧ್ಯಯನಗಳಲ್ಲಿ ಅಂಥ 'ಪುಕ್ಕಟೆ' ಲಾಭ ಕಾಣಲಿಲ್ಲ. ಒಬ್ಬೊಬ್ಬರ ದೇಹ ಒಂದೊಂದು ರೀತಿ ಇತ್ತು. ಒಟ್ಟಾರೆ ನೋಡಿದರೆ ತಲೆ ಮೇಲೆ ಹೊರುವುದು ಬೆನ್ನ ಮೇಲೆ ಹೊರುವುದಕ್ಕಿಂತ ಸುಲಭವೇನೂ ಆಗಿರಲಿಲ್ಲ. ಕತ್ತು ನೋವಿನ ದೂರು ಮಾತ್ರ ಸಾಮಾನ್ಯವಾಗಿತ್ತು. ಅಲ್ಲದೆ ತುಂಬಿದ ಕೊಡಗಳು ಎರಡು ಮೂರಾದರೆ ಭಾರ 10 ಕೆಜಿಗೆ ನಿಲ್ಲುವುದಿಲ್ಲ, 30 ಕೆಜಿ ದಾಟುತ್ತದೆ.

2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಮೊದಲಾದ ಕಡೆಯ 21 ದೇಶಗಳ ಆರು ಸಾವಿರಕ್ಕೂ ಹೆಚ್ಚು ಮನೆಗಳನ್ನು ವಿಚಾರಿಸಿತು. ನೀರು ತರುವಾಗ ಗಾಯವಾಗಿದೆ ಎಂದವರು ಸುಮಾರು ಶೇ. 13. ಅದರಲ್ಲಿ ಹೆಚ್ಚಿನವು ಜಾರಿ ಬಿದ್ದು ಆದವು. ಮೂಳೆ ಮುರಿದದ್ದು, ಬೆನ್ನು ಉಳುಕಿದ್ದು, ನೀರಿನ ಕಡೆ ಜಗಳವಾಗಿ ಪೆಟ್ಟು ತಿಂದದ್ದು, ಎಲ್ಲವೂ ಆ ಪಟ್ಟಿಯಲ್ಲಿವೆ.

ವ್ಯಾಯಾಮಕ್ಕೂ ಇದಕ್ಕೂ ಒಂದು ಸರಳ ವ್ಯತ್ಯಾಸವಿದೆ. ಮೈ ಹುಷಾರಿಲ್ಲದ ದಿನ ವ್ಯಾಯಾಮ ಬಿಡಬಹುದು. ಜ್ವರ ಬಂದಾಗ, ಮುಟ್ಟಾದಾಗ, ಬಸುರಿಯಾಗಿದ್ದಾಗ, ಬಾಣಂತಿಯಾಗಿದ್ದಾಗ ಬಿಡಲಾಗದ ಕೆಲಸವನ್ನು ವ್ಯಾಯಾಮ ಎನ್ನುವುದಿಲ್ಲ. ಅಜ್ಜಿ ಗಟ್ಟಿಮುಟ್ಟಾಗಿದ್ದದ್ದು ನಿಜವಿರಬಹುದು. ಅದೇ ಅಜ್ಜಿಯ ಮಂಡಿ, ಸೊಂಟ, ಕತ್ತು ಹೇಗಿತ್ತು ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ.

ನಂಬಿಕೆ 2: "ನೀರು ತರುವುದು ಹೆಂಗಸರಿಗೆ ಪ್ರಕೃತಿಯೇ ಕೊಟ್ಟ ಕೆಲಸ"

ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ. ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಬೆಳಿಗ್ಗೆ ಹತ್ತು ನಿಮಿಷ ನಿಂತು ನೋಡಿ. 20 ಲೀಟರಿನ ಕ್ಯಾನನ್ನು ಬೈಕಿಗೋ ಮೊಪೆಡ್ಡಿಗೋ ಕಟ್ಟಿಕೊಂಡು ಹೋಗುವವರು ಯಾರು? ಹೆಚ್ಚಾಗಿ ಗಂಡಸರು. ಟ್ಯಾಂಕರ್ ಓಡಿಸುವವರು, ಬೋರ್‌ವೆಲ್ ಕೊರೆಸುವವರು, ಪಂಪ್ ಆಪರೇಟರ್, ಪಂಚಾಯ್ತಿಯ ವಾಟರ್‌ಮ್ಯಾನ್? ಎಲ್ಲರೂ ಗಂಡಸರೇ. ಕೊನೆಯ ಹುದ್ದೆಯ ಹೆಸರಿನಲ್ಲೇ ಅದು ಬರೆದುಬಿಟ್ಟಿದೆ. ಹಳೆ ಮೈಸೂರು ಸೀಮೆಯ ಕೆರೆಗಳಲ್ಲಿ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಯೂ ಗಂಡಸೇ.

ಅಂದರೆ ಗಂಡಸರಿಗೆ ನೀರಿನ ಕೆಲಸ ಬರುವುದಿಲ್ಲ ಎಂದಲ್ಲ. ಚಕ್ರ, ಮೋಟರು, ಸಂಬಳ ಇರುವ ನೀರಿನ ಕೆಲಸ ಗಂಡಸರಿಗೆ ಬಂದಿದೆ. ತಲೆ, ಸೊಂಟ, ಪುಕ್ಕಟೆ ದುಡಿಮೆ ಇರುವ ಕೆಲಸ ಹೆಂಗಸರಿಗೆ ಉಳಿದಿದೆ. ಇದನ್ನು ಹಂಚಿದ್ದು ಪ್ರಕೃತಿಯಲ್ಲ, ನಾವೇ.

ಇದರ ತುತ್ತತುದಿಯ ಉದಾಹರಣೆಯೂ ಒಂದು ಫಾರ್ವರ್ಡ್ ಆಗಿ ಓಡಾಡುತ್ತಿದೆ: "ನೀರು ತರಲೆಂದೇ ಎರಡನೇ, ಮೂರನೇ ಮದುವೆಯಾಗುವ ಊರು". ಇದು ಕಟ್ಟುಕಥೆಯಲ್ಲ. ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಡೆಂಗನ್‌ಮಾಳ್ ಎಂಬ ಹಳ್ಳಿಯ ಬಗ್ಗೆ 2015ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಚಿತ್ರ ಸಮೇತ ವರದಿ ಮಾಡಿತ್ತು. ಆದರೆ ಫಾರ್ವರ್ಡ್ ಇದನ್ನು ತಮಾಷೆಯಾಗಿ ಹೇಳುತ್ತದೆ. ಒಂದು ಕೊಳಾಯಿ ಮಾಡಬೇಕಾದ ಕೆಲಸಕ್ಕೆ ಒಬ್ಬ ಹೆಂಗಸಿನ ಇಡೀ ಬದುಕನ್ನು ಹಚ್ಚಲಾಗಿದೆ ಎಂಬುದು ಅದರ ಅರ್ಥ.

ಎಲ್ಲ ಹೆಂಗಸರ ಹೊರೆಯೂ ಒಂದೇ ಅಲ್ಲ ಎಂಬುದನ್ನೂ ಮರೆಯಬಾರದು. ಊರ ಬಾವಿಯಲ್ಲಿ ಸೇದಲು ಬಿಡದೆ, ಬೇರೆಯವರು ಕೊಡಕ್ಕೆ ನೀರು ಹೊಯ್ಯುವವರೆಗೆ ಕಾಯಬೇಕಾದ ದಲಿತ ಹೆಣ್ಣುಮಕ್ಕಳ ಕಾಲು ಗಂಟೆ, ಒಂದು ಗಂಟೆಯಾಗುತ್ತದೆ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದದ್ದು ಈ ತಡೆಯನ್ನು ಮುರಿಯಲೆಂದೇ. ನೀರಿನ ಸಮಾನತೆಯ ಮಾತಿನಲ್ಲಿ ಜಾತಿಯನ್ನು ಬಿಟ್ಟರೆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ನಂಬಿಕೆ 3: "ಮನೆಗೆ ನಲ್ಲಿ ಬಂತು, ಸಮಸ್ಯೆ ಮುಗಿಯಿತು"

ನಲ್ಲಿ ಬರುವುದು ದೊಡ್ಡ ವಿಷಯವೇ, ಅನುಮಾನ ಬೇಡ. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾದಾಗ ದೇಶದ ಹಳ್ಳಿಗಳಲ್ಲಿ ನಲ್ಲಿ ಇದ್ದದ್ದು 3.23 ಕೋಟಿ ಮನೆಗಳಿಗೆ, ಅಂದರೆ ಸುಮಾರು ಶೇ. 17. ಈಗ ಅದು 15 ಕೋಟಿ ದಾಟಿದೆ. ಕರ್ನಾಟಕದಲ್ಲಿ ಇದೇ ಯೋಜನೆ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ನಡೆಯಿತು. ದೇಶದ ಎಲ್ಲ ಮನೆಗೂ ನಲ್ಲಿ ನೀರು ತಲುಪಿದರೆ ದಿನಕ್ಕೆ 5.5 ಕೋಟಿ ಗಂಟೆ ಉಳಿಯುತ್ತದೆ, ಅದರಲ್ಲಿ ಬಹುಪಾಲು ಮಹಿಳೆಯರ ಸಮಯ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಭೇದಿಯಿಂದ ಆಗುವ ಸುಮಾರು 4 ಲಕ್ಷ ಸಾವುಗಳನ್ನೂ ತಪ್ಪಿಸಬಹುದು ಎಂದು ಅದೇ ಅಂದಾಜು ಹೇಳುತ್ತದೆ.

ಉಳಿದ ಸಮಯ ಏನಾಗುತ್ತದೆ? ಘಾನಾ ದೇಶದ ಸಮೀಕ್ಷೆಗಳನ್ನು ಆಧರಿಸಿದ ಒಂದು ಅಧ್ಯಯನದಲ್ಲಿ, ನೀರು ತರುವ ಸಮಯ ಅರ್ಧಕ್ಕಿಳಿದರೆ ಶಾಲೆಗೆ ಹೋಗುವ ಹೆಣ್ಣುಮಕ್ಕಳ ಪ್ರಮಾಣ ಸರಾಸರಿ ಶೇ. 2.4 ಅಂಶದಷ್ಟು ಏರುತ್ತದೆ ಎಂದು ಕಂಡುಬಂತು. ಹಳ್ಳಿಗಳಲ್ಲಿ ಪರಿಣಾಮ ಇನ್ನೂ ಹೆಚ್ಚು. ಮೊರಾಕ್ಕೊ ದೇಶದ ಟ್ಯಾಂಜಿಯರ್ ನಗರದಲ್ಲಿ ನಡೆದ ಇನ್ನೊಂದು ಅಧ್ಯಯನ ಬೇರೆ ಮುಖ ತೋರಿಸಿತು. ಅಲ್ಲಿ ಬೀದಿ ನಲ್ಲಿಯ ನೀರು ಮೊದಲೇ ಶುದ್ಧವಾಗಿತ್ತು. ಹಾಗಾಗಿ ಮನೆಯೊಳಗೆ ನಲ್ಲಿ ಬಂದಾಗ ಆರೋಗ್ಯದಲ್ಲಾಗಲಿ ಆದಾಯದಲ್ಲಾಗಲಿ ಹೇಳುವಂಥ ಬದಲಾವಣೆ ಕಾಣಲಿಲ್ಲ. ಆದರೆ ಜನರಿಗೆ ಬಿಡುವು ಸಿಕ್ಕಿತು, ನೀರಿನ ವಿಷಯಕ್ಕೆ ಆಗುತ್ತಿದ್ದ ಜಗಳ ಕಡಿಮೆಯಾಯಿತು, ಬದುಕಿನ ಬಗ್ಗೆ ಸಮಾಧಾನ ಹೆಚ್ಚಿತು. ನೆಮ್ಮದಿಯೂ ಒಂದು ಲಾಭವೇ.

ಹಾಗಾದರೆ ಸಮಸ್ಯೆ ಎಲ್ಲಿ ಉಳಿಯಿತು? ನಲ್ಲಿ ಇದೆ, ನೀರು ಯಾವಾಗ ಬರುತ್ತದೆ? ಬೆಳಗಿನ ಜಾವ ನಾಲ್ಕಕ್ಕೆ ಬಿಟ್ಟರೆ ಎದ್ದು ಹಿಡಿಯುವವರು ಯಾರು? ಮಧ್ಯಾಹ್ನ ಹನ್ನೊಂದಕ್ಕೆ ಬಿಟ್ಟರೆ ಕೂಲಿ ಬಿಟ್ಟು ಮನೆಯಲ್ಲಿರಬೇಕಾದವರು ಯಾರು? ಮೋಟರು ಸುಟ್ಟು ಹದಿನೈದು ದಿನ ನೀರು ನಿಂತರೆ ಮತ್ತೆ ಕೊಡ ಎತ್ತುವವರು ಯಾರು? ನೀರಿನ ಬಣ್ಣ ಕೆಟ್ಟರೆ ಮೊದಲು ಗೊತ್ತಾಗುವುದು ಯಾರಿಗೆ, ದೂರು ಕೊಟ್ಟರೆ ಕೇಳಿಸಿಕೊಳ್ಳುವುದು ಯಾರ ಮಾತು?

ಪೈಪು ಹಾಕುವುದು ಎಂಜಿನಿಯರಿಂಗ್. ಎಷ್ಟು ಹೊತ್ತಿಗೆ ಬಿಡಬೇಕು, ಯಾವ ಬೀದಿಗೆ ಮೊದಲು, ಬಿಲ್ಲು ಎಷ್ಟು, ಕೆಟ್ಟರೆ ಯಾರು ಹೊಣೆ ಎಂಬುದು ನಿರ್ವಹಣೆ. ಸಮಾನತೆಯ ಪ್ರಶ್ನೆ ಬರುವುದು ಈ ಎರಡನೆಯ ಪಟ್ಟಿಯಲ್ಲಿ.

ಇದನ್ನು ಪ್ರಪಂಚ ಒಪ್ಪಿಕೊಂಡು ಮೂವತ್ತು ವರ್ಷಗಳಾದವು. 1992ರ ಜನವರಿಯಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ನೀರಿನ ಸಮ್ಮೇಳನ ನಾಲ್ಕು ಸೂತ್ರಗಳನ್ನು ಹೇಳಿತು. ಮೂರನೆಯದು: ನೀರನ್ನು ಒದಗಿಸುವುದು, ನಿರ್ವಹಿಸುವುದು, ಕಾಪಾಡುವುದು ಈ ಮೂರರಲ್ಲೂ ಮಹಿಳೆಯರದ್ದು ಕೇಂದ್ರ ಪಾತ್ರ. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕು ಎಂದು ಮಾನ್ಯ ಮಾಡಿತು. ಕಾಗದದ ಮೇಲೆ ಮಾತು ಪೂರ್ತಿಯಾಗಿದೆ. ಊರಿನ ಮಟ್ಟದಲ್ಲಿ ಏನಾಗುತ್ತದೆ ಎಂಬುದಕ್ಕೆ ಮುಂದಿನ ನಂಬಿಕೆ.

ನಂಬಿಕೆ 4: "ಮೀಸಲಾತಿ ಕೊಟ್ಟರೂ ನಡೆಸೋದು ಗಂಡನೇ, ಏನೂ ಬದಲಾಗಲ್ಲ"

'ಅಧ್ಯಕ್ಷೆಯ ಗಂಡ' ಎಂಬ ಹುದ್ದೆಯನ್ನು ನಮ್ಮ ಪಂಚಾಯ್ತಿಗಳಲ್ಲಿ ಎಲ್ಲರೂ ಕಂಡಿದ್ದೇವೆ. ಹಾಗಾಗಿ ಈ ಮಾತು ನಂಬುವಂತೆಯೇ ಕಾಣುತ್ತದೆ. ಆದರೆ ಅಳೆದು ನೋಡಿದವರು ಬೇರೆಯೇ ಕಂಡರು.

ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ 265 ಗ್ರಾಮ ಪಂಚಾಯ್ತಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವ ಪಂಚಾಯ್ತಿಯ ಮುಖ್ಯಸ್ಥಾನ ಮಹಿಳೆಗೆ ಮೀಸಲು ಎಂಬುದು ಆಯ್ಕೆಯಿಂದಲ್ಲ, ಸರದಿಯಿಂದ ನಿರ್ಧಾರವಾಗುತ್ತಿತ್ತು. ಆದ್ದರಿಂದ ಮೀಸಲು ಇದ್ದ ಮತ್ತು ಇಲ್ಲದ ಪಂಚಾಯ್ತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದಿತ್ತು. ಗಂಡಸರು ಯಾವ ದೂರು ತರುತ್ತಾರೆ, ಹೆಂಗಸರು ಯಾವ ದೂರು ತರುತ್ತಾರೆ ಎಂಬುದನ್ನೂ ಅವರು ಲೆಕ್ಕ ಹಾಕಿದರು. ಎರಡೂ ಕಡೆ ಹೆಂಗಸರ ದೊಡ್ಡ ದೂರು ಕುಡಿಯುವ ನೀರಿನದೇ ಆಗಿತ್ತು.

ಫಲಿತಾಂಶ ಏನು? ಮಹಿಳೆ ಮುಖ್ಯಸ್ಥೆಯಾಗಿದ್ದ ಕಡೆ ಹೊಸದಾಗಿ ಮಾಡಿಸಿದ ಅಥವಾ ರಿಪೇರಿ ಮಾಡಿಸಿದ ಕುಡಿಯುವ ನೀರಿನ ಸೌಲಭ್ಯಗಳು ಎರಡೂ ರಾಜ್ಯಗಳಲ್ಲಿ ಹೆಚ್ಚಾಗಿದ್ದವು. ಬಂಗಾಳದಲ್ಲಿ ಹೆಂಗಸರು ರಸ್ತೆಯನ್ನೂ ಕೇಳುತ್ತಿದ್ದರು, ಅಲ್ಲಿ ರಸ್ತೆ ಕೆಲಸವೂ ಹೆಚ್ಚಿತು. ರಾಜಸ್ಥಾನದಲ್ಲಿ ರಸ್ತೆ ಕೇಳುತ್ತಿದ್ದವರು ಗಂಡಸರು, ಅಲ್ಲಿ ಅದು ಹಿಂದೆ ಬಿತ್ತು. ಗಮನಿಸಿ: ಈ ಮುಖ್ಯಸ್ಥೆಯರಲ್ಲಿ ಅನೇಕರಿಗೆ ಓದು ಕಡಿಮೆ, ಅನುಭವ ಹೊಸದು, ಗಂಡನ ನೆರವು ಪಡೆಯುತ್ತಿದ್ದವರೂ ಇದ್ದರು. ಆದರೂ ಹಣ ಹರಿದ ದಿಕ್ಕು ಬದಲಾಯಿತು. ಈ ಎಸ್ತರ್ ಡುಫ್ಲೊ ಅವರೇ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು.

ಹಾಗಂತ ಯಾವುದೋ ಒಂದು ಹೆಸರು ಪಟ್ಟಿಗೆ ಸೇರಿಸಿದರೆ ಸಾಕೇ? ಸಾಲದು. ಜಲ ಜೀವನ್ ಮಿಷನ್ ಮಾರ್ಗಸೂಚಿಯ ಪ್ರಕಾರ ಪ್ರತಿ ಊರಿನ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು. ಆದರೆ ಸಭೆ ಸಂಜೆ ಅಡುಗೆ ಹೊತ್ತಿಗೆ ನಡೆದರೆ, ನೋಟಿಸ್ ಗಂಡನ ಫೋನಿಗೆ ಬಂದರೆ, ರಿಜಿಸ್ಟರ್ ಮನೆಗೇ ಬಂದು ಸಹಿ ಹಾಕಿಸಿಕೊಂಡು ಹೋದರೆ ಆ ಅರ್ಧ ಕಾಗದದಲ್ಲೇ ಉಳಿಯುತ್ತದೆ.

ಎಷ್ಟು ಜನರಿದ್ದರೆ ದನಿ ಹೊರಡುತ್ತದೆ ಎಂಬುದನ್ನೂ ನೋಡಿದವರಿದ್ದಾರೆ. ಬೀನಾ ಅಗರ್ವಾಲ್ ಅವರು ಗುಜರಾತ್ ಮತ್ತು ನೇಪಾಳದ ಗ್ರಾಮ ಅರಣ್ಯ ಸಮಿತಿಗಳನ್ನು ಅಧ್ಯಯನ ಮಾಡಿದಾಗ, ಸಮಿತಿಯಲ್ಲಿ ಮಹಿಳೆಯರು ಕಾಲು ಭಾಗದಿಂದ ಮೂರನೇ ಒಂದು ಭಾಗ ತಲುಪಿದ ಮೇಲೆ ಸಭೆಗೆ ಬರುವುದು, ಬಾಯಿಬಿಟ್ಟು ಮಾತಾಡುವುದು ಸ್ಪಷ್ಟವಾಗಿ ಹೆಚ್ಚಿತ್ತು. ಅದು ಕಾಡಿನ ಸಮಿತಿ, ಆದರೂ ಪಾಠ ನೀರಿಗೂ ಹೊಂದುತ್ತದೆ. ಹತ್ತು ಗಂಡಸರ ನಡುವೆ ಒಬ್ಬಳನ್ನು ಕೂರಿಸಿ "ಮಾತಾಡಮ್ಮಾ" ಎಂದರೆ ಯಾರೂ ಮಾತಾಡುವುದಿಲ್ಲ.

ಆಫ್ರಿಕಾದ ಯುಗಾಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿಯ ನೀರಿನ ಇಲಾಖೆ ಸಮಿತಿಯಲ್ಲಿ ಎಷ್ಟು ಮಹಿಳೆಯರಿದ್ದಾರೆ ಎಂದು ಎಣಿಸಿ ಸುಮ್ಮನಾಗಲಿಲ್ಲ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯಂಥ ಮುಖ್ಯ ಸ್ಥಾನಗಳಲ್ಲಿ ಮಹಿಳೆ ಇರುವ ಸಮಿತಿಗಳೆಷ್ಟು ಎಂಬುದನ್ನೇ ತನ್ನ ಕೆಲಸದ ಅಳತೆಗೋಲುಗಳಲ್ಲಿ ಒಂದಾಗಿ ಮಾಡಿಕೊಂಡಿತು. ಕುರ್ಚಿ ಎಣಿಸುವುದಕ್ಕೂ ಯಾವ ಕುರ್ಚಿ ಎಂದು ಕೇಳುವುದಕ್ಕೂ ವ್ಯತ್ಯಾಸವಿದೆ.

ನಂಬಿಕೆ 5: "ಪಂಪು, ಪೈಪು, ಪಾನಾ ಇವೆಲ್ಲ ಹೆಂಗಸರ ಕೈಲಿ ಆಗುವ ಕೆಲಸವಲ್ಲ"

ಉತ್ತರ ಪ್ರದೇಶದ ಬಾಂದಾ ಜಿಲ್ಲೆ ಬರಕ್ಕೆ ಹೆಸರಾದ ಬುಂದೇಲ್‌ಖಂಡದಲ್ಲಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಹ್ಯಾಂಡ್‌ಪಂಪ್ ಕೆಟ್ಟರೆ ಮೆಕ್ಯಾನಿಕ್ ಬರುವವರೆಗೆ ಕಾಯಬೇಕಿತ್ತು. ಕಾಯುವ ದಿನಗಳಲ್ಲಿ ದೂರದಿಂದ ನೀರು ತರಬೇಕಾದವರು ಹೆಂಗಸರು. 'ಮಹಿಳಾ ಸಮಾಖ್ಯಾ' ಎಂಬ ಸರ್ಕಾರಿ ಕಾರ್ಯಕ್ರಮದಡಿ ಅಲ್ಲಿಯ ಹೆಂಗಸರಿಗೆ, ಮುಖ್ಯವಾಗಿ ದಲಿತ ಮತ್ತು ಕೋಲ್ ಆದಿವಾಸಿ ಮಹಿಳೆಯರಿಗೆ, ಹ್ಯಾಂಡ್‌ಪಂಪ್ ರಿಪೇರಿ ಕಲಿಸಲಾಯಿತು. ಅಕ್ಷರ ಬಾರದವರೂ ಪಾನಾ ಹಿಡಿದರು, ಪೈಪು ಎತ್ತಿದರು, ವಾಷರ್ ಬದಲಿಸಿದರು. ಪಂಪು ನಿಂತರೆ ಕಷ್ಟ ಯಾರಿಗೋ, ಅದನ್ನು ಬೇಗ ಸರಿಮಾಡುವ ಆತುರವೂ ಅವರಿಗೇ ಇತ್ತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ರಿಪೇರಿ ಕಲಿತವರು ಓದು ಬರಹವನ್ನೂ ಕೇಳಿದರು. ಅದರಿಂದ ಅವರದೇ ಒಂದು ಸಣ್ಣ ಪತ್ರಿಕೆ ಹುಟ್ಟಿತು. ಆ ಅನುಭವದ ಬೆನ್ನಿಗೆ 2002ರಲ್ಲಿ ಪಕ್ಕದ ಚಿತ್ರಕೂಟದಲ್ಲಿ ಗ್ರಾಮೀಣ ಮಹಿಳೆಯರೇ ನಡೆಸುವ 'ಖಬರ್ ಲಹರಿಯಾ' ಪತ್ರಿಕೆ ಶುರುವಾಯಿತು. ಅದರ ಮೇಲೆ ಮಾಡಿದ ಸಾಕ್ಷ್ಯಚಿತ್ರ 2022ರಲ್ಲಿ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಅಂದಹಾಗೆ, ಮಹಿಳಾ ಸಮಾಖ್ಯಾ ಮೊದಲು ಆರಂಭವಾದ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇತ್ತೀಚಿನ ಉದಾಹರಣೆ ಒಡಿಶಾದ್ದು. ಅಲ್ಲಿಯ ನಗರಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರನ್ನು 'ಜಲಸಾಥಿ'ಗಳಾಗಿ ನೇಮಿಸಲಾಗಿದೆ. ಮೀಟರ್ ಓದುವುದು, ಬಿಲ್ಲು ಕೊಟ್ಟು ಹಣ ವಸೂಲಿ ಮಾಡುವುದು, ಮನೆಬಾಗಿಲಲ್ಲೇ ನೀರು ಪರೀಕ್ಷಿಸುವುದು, ಹೊಸ ಸಂಪರ್ಕಕ್ಕೆ ನೆರವಾಗುವುದು ಅವರ ಕೆಲಸ. ಇದು ಸೇವೆಯ ಹೆಸರಿನ ಬಿಟ್ಟಿ ಕೆಲಸವಲ್ಲ, ವಸೂಲಾತಿಯಲ್ಲಿ ಅವರಿಗೆ ಪಾಲಿದೆ. 2021ರ ಜುಲೈನಲ್ಲಿ ಪುರಿ ನಗರ ದಿನದ 24 ಗಂಟೆಯೂ ನಲ್ಲಿಯಿಂದ ನೇರವಾಗಿ ಕುಡಿಯಬಹುದಾದ ನೀರು ಕೊಡುವ ಭಾರತದ ಮೊದಲ ನಗರವೆಂದು ಘೋಷಣೆಯಾಯಿತು. ಅಲ್ಲಿಯೂ ಜನ ಮತ್ತು ಇಲಾಖೆಯ ನಡುವಿನ ಕೊಂಡಿಯಾದವರು ಈ ಜಲಸಾಥಿಗಳು.

ನಮ್ಮಲ್ಲೂ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕೆಂಬುದು ಜಲ ಜೀವನ್ ಮಿಷನ್‌ನ ಭಾಗ. ಫ್ಲೋರೈಡ್, ನೈಟ್ರೇಟ್, ಕ್ಲೋರಿನ್, ಗಡಸುತನ ಮುಂತಾದವನ್ನು ಊರಿನಲ್ಲೇ ನೋಡಬಹುದು. ಆದರೆ ತರಬೇತಿ ಒಂದು ಮಾತು, ಸಂಬಳದ ಕೆಲಸ ಇನ್ನೊಂದು ಮಾತು. ಪರೀಕ್ಷೆ ಮಾಡುವುದು ಹೆಂಗಸರ 'ಸೇವೆ', ವಾಲ್ವ್ ತಿರುಗಿಸುವುದು ಗಂಡಸರ 'ನೌಕರಿ' ಎಂದಾದರೆ ಹಳೆಯ ಹಂಚಿಕೆಯೇ ಹೊಸ ಹೆಸರಿನಲ್ಲಿ ಬಂದಂತೆ.

ನಂಬಿಕೆ 6: "ಕುಡಿಯುವ ನೀರು ಸರಿ, ಹೊಲದ ನೀರಿಗೂ ಹೆಂಗಸರಿಗೂ ಏನು ಸಂಬಂಧ?"

ಭಾರತದ ಹಳ್ಳಿಗಳಲ್ಲಿ ದುಡಿಯುವ ಮಹಿಳೆಯರಲ್ಲಿ ಹೆಚ್ಚಿನವರು ಕೃಷಿಯಲ್ಲೇ ಇದ್ದಾರೆ. ನಾಟಿ, ಕಳೆ, ಕೊಯ್ಲು ಅವರಿಲ್ಲದೆ ನಡೆಯುವುದಿಲ್ಲ. ಆದರೆ 2015-16ರ ಕೃಷಿ ಗಣತಿಯ ಪ್ರಕಾರ ಪ್ರತಿ 100 ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿದ್ದದ್ದು ಸುಮಾರು 14.

ಕಾಲುವೆ ನೀರಾವರಿ ಇರುವಲ್ಲಿ ನೀರು ಹಂಚಿಕೆಗೆ ನೀರು ಬಳಕೆದಾರರ ಸಂಘಗಳಿವೆ. ಸಾಮಾನ್ಯವಾಗಿ ಸದಸ್ಯತ್ವ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಪಹಣಿ ಗಂಡನ ಅಥವಾ ಮಾವನ ಹೆಸರಿನಲ್ಲಿದ್ದರೆ ಹೊಲದಲ್ಲಿ ದುಡಿಯುವವಳಿಗೆ ಸಭೆಯಲ್ಲಿ ಜಾಗವಿಲ್ಲ. ಗಂಡ ಸತ್ತ ಮೇಲೆ ಖಾತೆ ಬದಲಾಗದೆ ಉಳಿದರೆ ಕಷ್ಟ ಇಮ್ಮಡಿ. ಸಾಲ, ಪರಿಹಾರ, ನೀರಿನ ಸರದಿ ಮೂರಕ್ಕೂ ಬೇರೆಯವರ ಬಾಯಿ ಕಾಯಬೇಕು. ಪಂಪ್‌ಸೆಟ್ ಇರುವಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ, ಒಂಟಿ ಹೆಂಗಸು ಕತ್ತಲಲ್ಲಿ ಹೊಲಕ್ಕೆ ಹೋಗಬೇಕು, ಇಲ್ಲವೇ ಕೂಲಿ ಕೊಟ್ಟು ಆಳು ಕಳಿಸಬೇಕು. ವೇಳಾಪಟ್ಟಿ ಮಾಡಿದವರ ತಲೆಗೆ ಇದು ಹೊಳೆದಿರುವುದೇ ಇಲ್ಲ, ಏಕೆಂದರೆ ಅವರ ಪಕ್ಕದಲ್ಲಿ ಹೇಳುವವರು ಯಾರೂ ಇರಲಿಲ್ಲ.

ಕಾನೂನು ಇದನ್ನು ಸರಿಪಡಿಸಬಹುದು. ದಕ್ಷಿಣ ಆಫ್ರಿಕಾದ 1998ರ ರಾಷ್ಟ್ರೀಯ ಜಲ ಕಾಯ್ದೆ ಹಿಂದಿನ ವರ್ಣ ಮತ್ತು ಲಿಂಗ ತಾರತಮ್ಯದ ಫಲಗಳನ್ನು ಸರಿಪಡಿಸುವುದನ್ನೇ ತನ್ನ ಉದ್ದೇಶಗಳಲ್ಲಿ ಒಂದಾಗಿ ಬರೆದುಕೊಂಡಿದೆ. ನಮ್ಮಲ್ಲಿ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕು ಪಹಣಿಗೆ ಇಳಿದರೆ ಮಾತ್ರ ಕಾಲುವೆ ನೀರಿನ ಸಭೆಗೂ ದಾರಿ ತೆರೆಯುತ್ತದೆ.

ಹಾಗಾದರೆ ಇದು ಗಂಡಸರ ವಿರುದ್ಧದ ಮಾತೇ?

ಅಲ್ಲ. ವಿಶ್ವ ಬ್ಯಾಂಕಿಗಾಗಿ ದೀಪಾ ನಾರಾಯಣ್ ಅವರು 49 ದೇಶಗಳ 121 ಗ್ರಾಮೀಣ ನೀರಿನ ಯೋಜನೆಗಳನ್ನು ಪರಿಶೀಲಿಸಿ 1995ರಲ್ಲಿ ವರದಿ ಕೊಟ್ಟರು. ಯೋಜನೆ ಗೆಲ್ಲುವುದರಲ್ಲಿ ಬಳಸುವ ಜನರ ಪಾಲ್ಗೊಳ್ಳುವಿಕೆಯದ್ದು ಬಹಳ ದೊಡ್ಡ ಪಾತ್ರ ಎಂಬುದು ಅದರ ಸಾರ. ನೀರನ್ನು ಹೆಚ್ಚು ಬಳಸುವ, ಹೆಚ್ಚು ತಿಳಿದಿರುವ ಅರ್ಧ ಜನರನ್ನೇ ಹೊರಗಿಟ್ಟು ಮಾಡಿದ ಯೋಜನೆ ಕೆಟ್ಟು ನಿಂತರೆ ಬಾಯಾರುವುದು ಇಡೀ ಊರು. ಯಾವ ಬಾವಿಯ ನೀರು ಬೇಸಿಗೆಯಲ್ಲೂ ಇರುತ್ತದೆ, ಯಾವ ಬೋರಿನ ನೀರಲ್ಲಿ ಬೇಳೆ ಬೇಯುವುದಿಲ್ಲ, ಯಾವ ಬೀದಿಯ ಕೊನೆ ಮನೆಗೆ ಒತ್ತಡ ಸಾಲದು, ಇವೆಲ್ಲ ದಿನಾ ನೀರು ಹಿಡಿಯುವವರಿಗೆ ಗೊತ್ತು. ಆ ತಿಳಿವಳಿಕೆ ನಕ್ಷೆಯ ಮೇಲೆ ಬರುವುದಿಲ್ಲ, ಕೇಳಿದರೆ ಮಾತ್ರ ಬರುತ್ತದೆ.

ನೀವೇ ಪರೀಕ್ಷಿಸಿ: ಐದು ಪ್ರಶ್ನೆಗಳು

ಮುಂದಿನ ಗ್ರಾಮಸಭೆಗೆ ಅಥವಾ ವಾರ್ಡ್ ಸಭೆಗೆ ಹೋಗುವಾಗ ಈ ಐದು ಪ್ರಶ್ನೆಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

1. ನಮ್ಮ ಊರಿನ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಯಾರಿದ್ದಾರೆ? ಅದರಲ್ಲಿ ಅರ್ಧದಷ್ಟು ಮಹಿಳೆಯರಿದ್ದಾರೆಯೇ? ದಲಿತ ಕೇರಿಯವರು ಇದ್ದಾರೆಯೇ?

2. ಕಳೆದ ಸಭೆ ಯಾವಾಗ, ಎಷ್ಟು ಹೊತ್ತಿಗೆ ನಡೆಯಿತು? ಮಹಿಳಾ ಸದಸ್ಯರು ಬಂದಿದ್ದರೇ, ಸಹಿ ಮಾತ್ರ ಬಂದಿತ್ತೇ?

3. ನೀರು ಬಿಡುವ ಹೊತ್ತನ್ನು ನಿರ್ಧರಿಸುವಾಗ ನೀರು ಹಿಡಿಯುವವರನ್ನು ಕೇಳಿದ್ದಾರೆಯೇ?

4. ನೀರು ಪರೀಕ್ಷೆಯ ಕಿಟ್ ಎಲ್ಲಿದೆ, ಯಾರು ಬಳಸುತ್ತಿದ್ದಾರೆ, ಫಲಿತಾಂಶ ಎಲ್ಲಿ ಹಾಕಿದ್ದಾರೆ?

5. ನೀರಿನ ಕೆಲಸದಲ್ಲಿ ಸಂಬಳ ಪಡೆಯುವವರು ಎಷ್ಟು ಜನ? ಅವರಲ್ಲಿ ಮಹಿಳೆಯರೆಷ್ಟು?

ಇದಕ್ಕೂ ಮೊದಲು ಕೇಳಬೇಕಾದ ಆರನೇ ಪ್ರಶ್ನೆಯೊಂದಿದೆ, ಅದಕ್ಕೆ ಯಾವ ಸಭೆಯೂ ಬೇಕಿಲ್ಲ: ನಾಳೆ ಬೆಳಿಗ್ಗೆ ನಮ್ಮ ಮನೆಯಲ್ಲಿ ನೀರು ಹಿಡಿಯುವವರು ಯಾರು? ಆ ಸರದಿಯನ್ನು ಹಂಚಿಕೊಳ್ಳಲು ಸರ್ಕಾರದ ಆದೇಶ ಬೇಕಾಗಿಲ್ಲ.

ಮುಂದಿನ ಮಾರ್ಚ್‌ನಲ್ಲಿ ಆ ಮೂರು ಕೊಡದ ಚಿತ್ರ ಮತ್ತೆ ಬರುತ್ತದೆ. ಆಗ ಚಿತ್ರ ಕಳಿಸಿದವರನ್ನು ಬೈಯಬೇಡಿ. ಈ ಸಾಲು ಉತ್ತರವಾಗಿ ಕಳಿಸಿ: "ಕೊಡ ಹೊರುವುದು ವ್ಯಾಯಾಮವಲ್ಲ, ಲೆಕ್ಕಕ್ಕೆ ಸೇರದ ದುಡಿಮೆ. ನಮ್ಮೂರಿನ ನೀರಿನ ಸಮಿತಿಯಲ್ಲಿ ಈಕೆಯ ಹೆಸರು ಇದೆಯೇ ನೋಡೋಣ ಬನ್ನಿ."